ಲಕ್ವ ಹೊಡೆದ ಮೇಲೆ ಮಾತು: ನಮ್ಮ ಮನೆಯ ಅನುಭವ

ಲಕ್ವ ಹೊಡೆಯಿತು ಅಂದರೆ ನಮ್ಮ ಕಡೆ ಜನ ಮೊದಲು ಕೇಳುವುದು ಕೈಗಾ, ಕಾಲಿಗಾ ಅಂತ. ನಮ್ಮ ಯಜಮಾನರಿಗೆ ಬಲಗೈ, ಬಲಗಾಲು ಎರಡೂ ಬಿದ್ದಿದ್ದವು. ಆದರೂ ನಮ್ಮನ್ನು ಜಾಸ್ತಿ ಕಂಗೆಡಿಸಿದ್ದು ಮಾತು. ಕೆ.ಆರ್. ನಗರದಲ್ಲಿ ದಿನಸಿ ಅಂಗಡಿ ಇಟ್ಟುಕೊಂಡು, ಬೆಳಗ್ಗೆಯಿಂದ ರಾತ್ರಿವರೆಗೆ ಗಿರಾಕಿಗಳ ಹತ್ತಿರ ಮಾತಾಡುತ್ತಲೇ ಇದ್ದವರು ಇವರು. ಅಂದಿನಿಂದ ಬಾಯಲ್ಲಿ ಉಳಿದಿದ್ದು ‘ಅದೇ ಅದೇ’ ಅನ್ನುವುದೊಂದೇ. ನೀರು ಬೇಕಾದರೂ ಅದೇ ಅದೇ, ಕಾಲು ನೋಯುತ್ತಿದ್ದರೂ ಅದೇ ಅದೇ, ಬೆಂಗಳೂರಿನಿಂದ ಮಗ ಬಂದು ಮುಂದೆ ನಿಂತರೂ ಅದೇ ಅದೇ.

ಇದಕ್ಕೆ ಅಫೇಸಿಯಾ ಅನ್ನುತ್ತಾರೆ. ಸ್ಟ್ರೋಕ್, ಅಂದರೆ ಲಕ್ವ, ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಶುರುವಿನಲ್ಲಿ ಇದು ಇರುತ್ತದಂತೆ. ಆದರೂ ಕೈಕಾಲಿನ ವ್ಯಾಯಾಮದ ಬಗ್ಗೆ ನಮಗೆ ಎಲ್ಲರೂ ಹೇಳಿದರು, ಮಾತಿನ ಬಗ್ಗೆ ಹೇಳಿದವರು ಕಡಿಮೆ. ಅದಕ್ಕೇ ನಾನು ಇಲ್ಲಿ ಮಾತಿನ ವಿಷಯವನ್ನೇ ಜಾಸ್ತಿ ಬರೆಯುತ್ತಿದ್ದೇನೆ. ಮೊದಲು ನಡೆದಿದ್ದನ್ನು ಹೇಳಿಬಿಡುತ್ತೇನೆ.

ಬೆಳಗ್ಗೆ ಎಂಟೂವರೆ. ಅಂಗಡಿ ಬಾಗಿಲು ತೆಗೆದು ಊದುಬತ್ತಿ ಹಚ್ಚಿದ್ದರು. ಆಟೋ ಓಡಿಸುವ ಹುಡುಗನೊಬ್ಬ ಅರ್ಧ ಕೆಜಿ ತೊಗರಿಬೇಳೆ ಕೇಳಿದ. ಇವರು ತಕ್ಕಡಿ ಮುಂದೆ ನಿಂತವರು ನಿಂತೇ ಇದ್ದರು. ಬಲಗೈಯಿಂದ ಡಬ್ಬ ಜಾರಿತು. ಅವನೇ ಹಿಂದಿನ ಮನೆಯ ಕಡೆ ಓಡಿ ಬಂದ. “ಅಕ್ಕಾ, ಬೇಗ ಬನ್ನಿ, ಅಣ್ಣನ ಬಾಯಿ ಒಂದ್ ಕಡೆಗೆ ಎಳ್ಕೊಂಡಿದೆ.”

ಅಷ್ಟರಲ್ಲಿ ಸೇರಿದವರಲ್ಲಿ ಒಬ್ಬರು ನೀರು ಕುಡಿಸಲು ಹೊರಟಿದ್ದರು. ಆ ಹುಡುಗನೇ ಬೇಡ ಅಂದ. ಸ್ಟ್ರೋಕ್ ಆದಾಗ ನುಂಗುವ ಶಕ್ತಿಯೂ ಹೋಗಿರಬಹುದು, ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು ಅಂತ ನನಗೆ ಆಮೇಲೆ ಗೊತ್ತಾಯಿತು. ಆ ಹುಡುಗನ ಋಣ ನಮ್ಮ ಮನೆಯ ಮೇಲಿದೆ.

ಮೊದಲು ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆವು. ಅಲ್ಲಿ ಡ್ರಿಪ್ ಹಾಕಿ, ಬಿಪಿ ಜಾಸ್ತಿ ಇದೆ, ಸ್ವಲ್ಪ ಹೊತ್ತು ನೋಡೋಣ ಅಂದರು. ಅಲ್ಲಿ ಸಿಟಿ ಸ್ಕ್ಯಾನ್ ಇರಲಿಲ್ಲ. ಇಲ್ಲ ಅಂತ ಬಾಗಿಲಲ್ಲೇ ಹೇಳಿ ಮುಂದೆ ಕಳಿಸಬಹುದಿತ್ತು ಅಲ್ವಾ? ಮುಕ್ಕಾಲು ಗಂಟೆ ಹಾಗೇ ಹೋಯಿತು. ಮೈದುನ ಬಂದವನೇ “ಅತ್ತಿಗೆ, ಇಲ್ಲಿ ಬೇಡ, ಮೈಸೂರಿಗೆ ಹೊರಡೋಣ” ಅಂತ 108ಕ್ಕೆ ಫೋನ್ ಮಾಡಿದ.

ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: “ಕೊನೇ ಸಲ ಇವರು ಸರಿಯಾಗಿದ್ದಿದ್ದು ಎಷ್ಟು ಗಂಟೆಗಮ್ಮಾ?” ಎಲ್ಲ ನಿಂತಿರುವುದು ಈ ಉತ್ತರದ ಮೇಲೆ. ರಕ್ತನಾಳದಲ್ಲಿ ಗಡ್ಡೆ ಕಟ್ಟಿ ಆದ ಸ್ಟ್ರೋಕ್ ಆದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ. ಸಾಮಾನ್ಯವಾಗಿ ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಲೆಕ್ಕ ಶುರುವಾಗುವುದು ಕೊನೆಯ ಸಲ ಚೆನ್ನಾಗಿದ್ದ ಹೊತ್ತಿನಿಂದ. ರಾತ್ರಿ ಮಲಗಿ ಬೆಳಗ್ಗೆ ಏಳುವಾಗಲೇ ಕೈ ಬಿದ್ದಿದ್ದರೆ ಮಲಗಿದ ಹೊತ್ತನ್ನೇ ಹೇಳಬೇಕಾಗುತ್ತದೆ. ನಮಗೆ ಎಂಟೂವರೆ ಅಂತ ಖಚಿತವಾಗಿ ಗೊತ್ತಿತ್ತು.

ಕೂಡಲೇ ಸಿಟಿ ಸ್ಕ್ಯಾನ್ ಮಾಡಿದರು. ಹೊರಗಿನಿಂದ ನೋಡಿದರೆ ರಕ್ತನಾಳ ಕಟ್ಟಿಕೊಂಡಿದೆಯೋ ಒಡೆದಿದೆಯೋ ಹೇಳಲು ಆಗುವುದಿಲ್ಲ. ನೂರರಲ್ಲಿ 85ರಷ್ಟು ಸ್ಟ್ರೋಕ್ ಕಟ್ಟಿಕೊಂಡು ಆಗುವಂಥವು, ಉಳಿದವು ರಕ್ತಸ್ರಾವದವು. ಒಡೆದಿರುವಾಗ ಈ ಇಂಜೆಕ್ಷನ್ ಕೊಟ್ಟರೆ ಪ್ರಾಣಕ್ಕೇ ಕುತ್ತು. ಇವರದು ಕಟ್ಟಿಕೊಂಡದ್ದು, ಎಡ ಮಿದುಳಿನಲ್ಲಿ. ಇಂಜೆಕ್ಷನ್‌ನಿಂದಲೂ ಕೆಲವರಿಗೆ ಮಿದುಳಿನಲ್ಲಿ ರಕ್ತ ಸೋರಬಹುದು ಅಂತ ಮೊದಲೇ ಹೇಳಿ ಸಹಿ ತೆಗೆದುಕೊಂಡರು. ಯೋಚಿಸಲು ಹೊತ್ತಿರಲಿಲ್ಲ. ದೊಡ್ಡ ನಾಳ ಕಟ್ಟಿಕೊಂಡಿದ್ದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅಂತ ಡಾಕ್ಟರು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ.

ಸಂಜೆ ಹೊತ್ತಿಗೆ ಕಾಲು ಸ್ವಲ್ಪ ಎತ್ತಿದರು. ಮರುದಿನ ಬೆರಳು ಅಲ್ಲಾಡಿತು. ಮಾತು ಬರಲಿಲ್ಲ.

ಯಾಕಾಯಿತು ಅನ್ನುವುದು ವಾರ್ಡಿನಲ್ಲಿ ಒಂದೊಂದಾಗಿ ಹೊರಬಂತು. ಇವರಿಗೆ ಬಿಪಿ ಇದ್ದಿದ್ದು ನನಗೆ ಗೊತ್ತು. ಮಾತ್ರೆಯನ್ನು ಸುಮಾರು ದಿನದಿಂದ ಬಿಟ್ಟಿದ್ದರು ಅನ್ನುವುದು ಮೆಡಿಕಲ್ ಸ್ಟೋರಿನವರು ಹೇಳಿದಾಗ ಗೊತ್ತಾಯಿತು. ತಲೆನೋವಿಲ್ಲ, ತಲೆಸುತ್ತಿಲ್ಲ, ಸುಮ್ನೆ ಯಾಕೆ ಮಾತ್ರೆ ಅಂತ ಅವರ ವಾದ. ಬಿಪಿ ತಾನು ಬಂದಿದ್ದೇನೆ ಅಂತ ಹೇಳಿಕೊಳ್ಳುವುದಿಲ್ಲ. ಅಳೆದರೆ ಮಾತ್ರ ತಿಳಿಯುತ್ತದೆ. ಸ್ಟ್ರೋಕಿಗೆ ಎಲ್ಲಕ್ಕಿಂತ ದೊಡ್ಡ ಕಾರಣವೂ ಅದೇ.

ಇನ್ನೊಂದನ್ನು ಅತ್ತೆ ನೆನಪು ಮಾಡಿಕೊಂಡು ಹೇಳಿದರು. ಅದರ ಹಿಂದಿನ ವಾರ ಊಟಕ್ಕೆ ಕೂತಾಗ ಇವರ ಬಲಗೈಯಿಂದ ತುತ್ತು ಜಾರಿ ಬಿದ್ದಿತ್ತಂತೆ. ಹತ್ತು ನಿಮಿಷ ಕೈ ಜೋಮು ಹಿಡಿದಂತಾಗಿ ತಾನಾಗೇ ಸರಿಹೋಯಿತಂತೆ. ಸೊಸೆಗೆ ಹೇಳಬೇಡ, ಗಾಬರಿಯಾಗುತ್ತಾಳೆ ಅಂದಿದ್ದರಂತೆ. ಡಾಕ್ಟರು ಇದನ್ನು ಕೇಳಿ ಪೆನ್ನು ಕೆಳಗಿಟ್ಟರು. ಅದು ಟಿಐಎ, ಚಿಕ್ಕ ಸ್ಟ್ರೋಕ್ ಅಂತ ಜನ ಕರೆಯುವುದು. ಗಡ್ಡೆ ಬಂದು ಸಿಕ್ಕಿಕೊಂಡು, ತಾನಾಗೇ ಕರಗಿರುತ್ತದೆ. ಆಮೇಲಿನ ದಿನಗಳಲ್ಲಿ, ಅದರಲ್ಲೂ ಮೊದಲ ಎರಡು ದಿನ, ದೊಡ್ಡದು ಹೊಡೆಯುವ ಅಪಾಯ ತುಂಬಾ ಜಾಸ್ತಿ. ಸರಿಹೋಯಿತಲ್ಲ ಅಂತ ಮನೆಯಲ್ಲಿ ಕೂರುವಂಥದ್ದಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಬೇಕಾದದ್ದು. ಬಾಯಿ ಓರೆ, ಕೈ ಬಲ ಹೋಗುವುದು, ಮಾತು ತೊದಲುವುದು, ಇದ್ದಕ್ಕಿದ್ದಂತೆ ಕಣ್ಣು ಮಂಜಾಗುವುದು ಅಥವಾ ಆಯ ತಪ್ಪುವುದು, ಇವುಗಳಲ್ಲಿ ಯಾವುದು ಹತ್ತೇ ನಿಮಿಷ ಬಂದು ಹೋದರೂ ಅಷ್ಟೇ.

ಇಸಿಜಿಯಲ್ಲಿ ಎದೆಬಡಿತ ಏರುಪೇರು ಕಾಣಿಸಿತು. ಏಟ್ರಿಯಲ್ ಫಿಬ್ರಿಲೇಶನ್ ಅಂತ. ಹೃದಯದ ಮೇಲಿನ ಕೋಣೆ ಸರಿಯಾಗಿ ಹಿಂಡದೆ ಸುಮ್ಮನೆ ಅದುರುತ್ತಿರುತ್ತದೆ, ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಆ ಚೂರು ಮಿದುಳಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಶುರುಮಾಡಿದರು. ಇವರಿಗೆ ಕೊಟ್ಟ ಮಾತ್ರೆಗೆ ಆಗಾಗ ಐಎನ್‌ಆರ್ ಅನ್ನುವ ರಕ್ತ ಪರೀಕ್ಷೆ ಮಾಡಿಸಬೇಕು, ಅದು 2ರಿಂದ 3ರ ಒಳಗಿರಬೇಕು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಆ ಮಾತ್ರೆಯ ಕೆಲಸವನ್ನು ಕಮ್ಮಿ ಮಾಡುತ್ತದೆ ಅಂದಾಗ ನನಗೆ ದಿಗಿಲಾಯಿತು. ನಮ್ಮ ಕಡೆ ಮಸ್ಸೊಪ್ಪು, ಉಪ್ಸಾರು ಇಲ್ಲದೆ ವಾರ ಕಳೆಯುವುದು ಹೇಗೆ? ಡಾಕ್ಟರು ಸಮಾಧಾನವಾಗಿ ಹೇಳಿದರು: ಸೊಪ್ಪು ಬಿಡಬೇಡಿ, ಆದರೆ ಒಂದು ವಾರ ರಾಶಿ ತಿಂದು ಇನ್ನೊಂದು ವಾರ ಬಿಡುವುದು ಬೇಡ, ಹೆಚ್ಚೂಕಡಿಮೆ ಒಂದೇ ಅಳತೆ ಇರಲಿ. ನೋವಿನ ಮಾತ್ರೆಯನ್ನು ಅಂಗಡಿಯಿಂದ ಕೇಳಿ ತಂದು ನುಂಗುವುದು ಪೂರ್ತಿ ಬಂದ್. ಉಪ್ಪು ದಿನಕ್ಕೆ 5 ಗ್ರಾಮಿನೊಳಗೆ, ಅಂದರೆ ಒಂದು ಟೀ ಚಮಚಕ್ಕಿಂತ ಕಮ್ಮಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಅದರಲ್ಲೇ ಬಂತು. ಬೀಡಿ ಆಸ್ಪತ್ರೆಯ ಬಾಗಿಲಲ್ಲೇ ಬಿಟ್ಟಿತು.

ನೆಂಟರು ನೋಡಲು ಬಂದಾಗಲೆಲ್ಲ ಒಂದೊಂದು ಔಷಧಿ. ಪಾರಿವಾಳದ ರಕ್ತ ಹಚ್ಚಿ ತಿಕ್ಕಿದರೆ ಕೈ ಬರುತ್ತದೆ ಅಂತ ದೂರದ ಭಾವ ಒಬ್ಬರು ಪಾರಿವಾಳ ತರಿಸಲು ಮುಂದಾಗಿದ್ದರು. ಪ್ರೀತಿಯಿಂದಲೇ ಹೇಳುತ್ತಿದ್ದರು, ಆದರೂ ನಾನು ಖಡಾಖಂಡಿತ ಬೇಡ ಅಂದೆ. ತೊಂದರೆ ಇರುವುದು ಮಿದುಳಿನಲ್ಲಿ. ಚರ್ಮಕ್ಕೆ ಏನು ಹಚ್ಚಿದರೂ ಅದು ಅಲ್ಲಿಗೆ ಹೋಗುವುದಿಲ್ಲ.

ಮನೆಗೆ ಬಂದ ಮೇಲಿನ ಕೈಕಾಲಿನ ಕತೆ ಎಲ್ಲರ ಮನೆಯದ್ದೇ. ಒಂದು ವಿಷಯ ಮಾತ್ರ ಹೇಳಬೇಕು. ಎಬ್ಬಿಸುವಾಗ ಬಿದ್ದ ಕೈಯನ್ನು ಹಿಡಿದು ಎಳೆಯಬೇಡಿ. ಬಲವಿಲ್ಲದ ಭುಜದ ಕೀಲು ಜಾರಿಬಿಡುತ್ತದೆ, ಆ ನೋವು ವ್ಯಾಯಾಮವನ್ನೇ ನಿಲ್ಲಿಸಿಬಿಡುತ್ತದೆ. ಕೂತಾಗ ಆ ಕೈ ಕೆಳಗೆ ಜೋತಾಡದಂತೆ ದಿಂಬಿನ ಮೇಲಿಡಬೇಕು. ಇದನ್ನು ಫಿಸಿಯೋದವರು ನನ್ನ ಕೈಯಲ್ಲೇ ಮಾಡಿಸಿ ಕಲಿಸಿದರು.

ಇನ್ನು ಮಾತು. ಮಗಳು ಮೈಸೂರಿನಲ್ಲಿ ಓದುತ್ತಿದ್ದಳು. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗೋಣ ಅಂದವಳು ಅವಳೇ. ಕಿವಿ ಕೇಳದ ಮಕ್ಕಳನ್ನು ಕರೆದುಕೊಂಡು ಹೋಗುವ ಜಾಗ ಅಂತಷ್ಟೇ ನಾನು ಅಂದುಕೊಂಡಿದ್ದೆ. ದೊಡ್ಡವರಿಗೆ ಸ್ಟ್ರೋಕ್ ಆಗಿ ಮಾತು ಹೋದರೂ ಅಲ್ಲಿ ನೋಡುತ್ತಾರೆ, ಅದೂ ಕನ್ನಡದಲ್ಲೇ.

ಅಲ್ಲಿನ ಥೆರಪಿಸ್ಟ್ ಸಣ್ಣ ವಯಸ್ಸಿನ ಹೆಣ್ಣುಮಗಳು. ಬಂದವಳೇ ನನ್ನನ್ನು ಕೇಳದೆ ಇವರ ಕಣ್ಣು ನೋಡಿಕೊಂಡು “ನಮಸ್ಕಾರ ಅಂಕಲ್, ಕೂತ್ಕೊಳ್ಳಿ” ಅಂದಳು. ಅಷ್ಟು ದಿನದಲ್ಲಿ ಇವರನ್ನೇ ಕೇಳಿ ಮಾತಾಡಿದವರು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಎಲ್ಲರೂ ನನ್ನನ್ನು ಕೇಳುತ್ತಿದ್ದರು, “ಊಟ ಮಾಡ್ತಾರಾ? ಗುರುತು ಸಿಗುತ್ತಾ?” ಅಂತ, ಅವರ ಎದುರಿಗೇ. ಕೆಲವರು ಕಿವುಡರಿಗೆ ಕೂಗಿದಂತೆ ಕೂಗುತ್ತಿದ್ದರು. ಕಿವಿ ಚೆನ್ನಾಗಿಯೇ ಇತ್ತು.

ಬಾಗಿಲು ತೋರಿಸಿ, ಕಣ್ಣು ಮುಚ್ಚಿ, ಪೆನ್ನು ಎತ್ತಿ ಪುಸ್ತಕದ ಮೇಲಿಡಿ, ಹೀಗೆ ಒಂದೊಂದೇ ಹೇಳಿ ಪರೀಕ್ಷೆ ಮಾಡಿದಳು. ಚಿಕ್ಕ ಮಾತೆಲ್ಲ ಇವರಿಗೆ ಅರ್ಥವಾಗುತ್ತಿತ್ತು. ಉದ್ದವಾದರೆ ಕೊನೆಯದು ತಪ್ಪುತ್ತಿತ್ತು. ಚಿತ್ರ ತೋರಿಸಿ ಹೆಸರು ಕೇಳಿದರೆ ಅದೇ ಅದೇ. ಆಗ ಅವಳು ಹೇಳಿದ ಒಂದು ಸಂಗತಿ ನನ್ನ ಮನಸ್ಸಿಗೆ ತುಂಬಾ ಬಲ ಕೊಟ್ಟಿತು. 1861ರಲ್ಲಿ ಪ್ಯಾರಿಸ್ಸಿನಲ್ಲಿ ಪಾಲ್ ಬ್ರೋಕಾ ಎಂಬ ವೈದ್ಯರ ಹತ್ತಿರ ಒಬ್ಬ ರೋಗಿ ಬಂದನಂತೆ. ವರ್ಷಗಟ್ಟಲೆಯಿಂದ ಅವನ ಬಾಯಲ್ಲಿ ‘ಟಾನ್’ ಅನ್ನುವ ಒಂದೇ ಶಬ್ದ. ಜನ ಹೇಳಿದ್ದು ಮಾತ್ರ ಅವನಿಗೆ ತಿಳಿಯುತ್ತಿತ್ತು. ಅವನು ತೀರಿಕೊಂಡ ಮೇಲೆ ನೋಡಿದರೆ ಎಡ ಮಿದುಳಿನ ಮುಂಭಾಗಕ್ಕೆ ಪೆಟ್ಟಾಗಿತ್ತು. ಮಾತನ್ನು ಜೋಡಿಸುವ ಕೆಲಸ ಹೆಚ್ಚಿನವರಲ್ಲಿ ಅಲ್ಲೇ ನಡೆಯುವುದು. ಬಲಗೈ, ಬಲಗಾಲನ್ನು ಆಡಿಸುವುದೂ ಎಡ ಮಿದುಳೇ. ಬಲಗೈ ಬಿದ್ದವರಲ್ಲಿ ಮಾತೂ ಹೋಗುವುದು ಜಾಸ್ತಿ ಯಾಕೆ ಅನ್ನುವುದು ಆಗ ತಿಳಿಯಿತು. ಇವರ ಬುದ್ಧಿಗೆ ಏನೂ ಆಗಿಲ್ಲ, ಒಳಗಿರುವುದು ಹೊರಗೆ ಬರುವ ದಾರಿಗೆ ಪೆಟ್ಟಾಗಿದೆ ಅಂದಳು. ಇವರು ಅದನ್ನು ಕೇಳಿಸಿಕೊಂಡು ಜೋರಾಗಿ ತಲೆ ಆಡಿಸಿದರು.

ಮೊದಲು ಸರಿಮಾಡಿದ್ದು ಹೂಂ ಮತ್ತು ಊಹೂಂ. ಇವರು ಬೇಡ ಅನ್ನಲು ಹೋಗಿ ಹೂಂ ಅಂದುಬಿಡುತ್ತಿದ್ದರು. ನಾವು ಬಡಿಸುತ್ತಿದ್ದೆವು, ಇವರು ತಟ್ಟೆ ತಳ್ಳುತ್ತಿದ್ದರು. ಬೇಕಾದರೆ ಎಡಗೈ ಹೆಬ್ಬೆರಳು ಮೇಲೆ, ಬೇಡವಾದರೆ ಕೆಳಗೆ ಅಂತ ಮಾಡಿದ ಮೇಲೆ ಅರ್ಧ ಜಗಳ ನಿಂತಿತು. ಪ್ರಶ್ನೆಯೂ ಬದಲಾಯಿತು. “ಕಾಫಿ ಕುಡೀತೀರಾ, ಇಲ್ಲಾ ಸ್ವಲ್ಪ ಹೊತ್ತು ಮಲಗ್ತೀರಾ, ಮಗನಿಗೆ ಫೋನ್ ಮಾಡ್ಲಾ?” ಅಂತ ಒಂದೇ ಉಸಿರಿಗೆ ಕೇಳುವಂತಿಲ್ಲ. ಒಂದು ಸಲಕ್ಕೆ ಒಂದು. ಟಿವಿ ಆಫ್. ಕೇಳಿ, ಆಮೇಲೆ ಕಾಯಬೇಕು. ಈ ಕಾಯುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಅವರ ಬಾಯಿ ಶಬ್ದಕ್ಕೆ ತಡಕಾಡುವಾಗ ನಮ್ಮ ನಾಲಗೆ ತುದಿಗೆ ಅದು ಬಂದಿರುತ್ತದೆ. ಹೇಳಿಬಿಟ್ಟರೆ ಅವರ ಪ್ರಯತ್ನ ಅಲ್ಲಿಗೇ ನಿಲ್ಲುತ್ತದೆ.

ಅಭ್ಯಾಸಕ್ಕೆ ಸೇಬು, ವಿಮಾನ, ಜಿರಾಫೆಯ ಚಿತ್ರಗಳನ್ನು ಬಿಟ್ಟು ಅಂಗಡಿಯ ಸಾಮಾನನ್ನೇ ಇಟ್ಟುಕೊಳ್ಳಿ ಅಂದಳು. ಮಗ ಮೊಬೈಲಿನಲ್ಲಿ ಫೋಟೋ ತೆಗೆದು ಒಂದು ಪುಸ್ತಕ ಮಾಡಿದ: ಅಚ್ಚುಬೆಲ್ಲ, ಕೊಬ್ಬರಿ ಗಿಟುಕು, ಅವಲಕ್ಕಿ, ಹುರಿಗಡಲೆ, ಬೆಂಕಿಪೊಟ್ಟಣ. ಕೊನೆಯ ಪುಟಗಳಲ್ಲಿ ಮನೆಯವರ ಮುಖ, ಮಾತ್ರೆ ಡಬ್ಬ, ಬಚ್ಚಲುಮನೆ ಬಾಗಿಲು. ದಿನಾ ಬೆಳಗ್ಗೆ ಕಾಫಿ ಆದ ಮೇಲೆ ಕೂರುತ್ತಿದ್ದೆವು. ಹೆಸರು ಬರದಿದ್ದರೆ ಮೊದಲ ಅಕ್ಷರ ಮಾತ್ರ ಕೊಡಬೇಕು. “ತೊ...” ಅಂದರೆ “ತೊಗರಿ” ಅನ್ನುತ್ತಿದ್ದರು. ಅದಕ್ಕೂ ಬರದಿದ್ದರೆ ಅರ್ಧ ವಾಕ್ಯ: “ಕಾಫಿಗೆ ಹಾಕೋದು ಹಾಲು, ಮತ್ತೆ...” ಬರುತ್ತಿದ್ದುದು ಒಂದೊಂದು ಸಲ ಸಕ್ಕರೆ, ಒಂದೊಂದು ಸಲ ಉಪ್ಪು. ಉಪ್ಪು ಅಂದ ತಕ್ಷಣ ತಪ್ಪು ಅಂತ ಅವರಿಗೇ ಗೊತ್ತಾಗಿ ಹಣೆ ಚಚ್ಚಿಕೊಳ್ಳುತ್ತಿದ್ದರು. ಹತ್ತಿರದ ಶಬ್ದ ಬಂದಿದೆ ಅಂದರೆ ದಾರಿ ಹತ್ತಿರದಲ್ಲೇ ಇದೆ, ಬೇಜಾರು ಮಾಡಿಕೊಳ್ಳಬೇಡಿ ಅಂತ ಥೆರಪಿಸ್ಟ್ ಅವರಿಗೇ ಹೇಳುತ್ತಿದ್ದಳು.

ಅಂಕಿಯ ವಿಷಯ ನನಗೆ ಇವತ್ತಿಗೂ ಅಚ್ಚರಿ. ಒಂದು, ಎರಡು, ಮೂರು ಅಂತ ಸಾಲಾಗಿ ಇಪ್ಪತ್ತರವರೆಗೆ ಸರಾಗವಾಗಿ ಹೇಳುತ್ತಿದ್ದರು. ಆದರೆ ಗೋಡೆ ಗಡಿಯಾರ ತೋರಿಸಿ ಎಷ್ಟು ಗಂಟೆ ಅಂದರೆ ‘ಏಳು’ ಅನ್ನಲು ಬರುತ್ತಿರಲಿಲ್ಲ. ಬೆರಳು ಮಡಚುತ್ತಾ ಒಂದರಿಂದ ಶುರುಮಾಡಿ, ಏಳಕ್ಕೆ ಬಂದು ನಿಂತು, ನನ್ನ ಮುಖ ನೋಡುತ್ತಿದ್ದರು. ವಾರಗಳ ಹೆಸರೂ ಹಾಗೆಯೇ, ಗುರುವಾರ ಹೇಳಬೇಕಾದರೆ ಭಾನುವಾರದಿಂದ ಬರಬೇಕು. ಸಿಟ್ಟು ಬಂದಾಗ ‘ಥೂ’ ಅನ್ನುವುದು ಮಾತ್ರ ಸ್ಪಷ್ಟ. ಒಂದು ಶನಿವಾರ ಅತ್ತೆ ದೀಪ ಹಚ್ಚಿ ದೇವರನಾಮ ಹೇಳುತ್ತಿದ್ದರೆ ಇವರು ಪದ ಸಮೇತ ಜೊತೆಗೂಡಿದರು. ಮಾತು ಬಂತು ಅಂತ ನಾವೆಲ್ಲ ಕುಣಿದಾಡಿದೆವು. ಹಾಡು ಮುಗಿದ ಮೇಲೆ ಮತ್ತೆ ಅದೇ ಅದೇ.

ಥೆರಪಿಸ್ಟ್ ಬಿಡಿಸಿ ಹೇಳಿದಳು. ಬಾಯಿಪಾಠವಾದ ಸಾಲು, ಬೈಗುಳ, ಹಾಡು ಇವೆಲ್ಲ ಯೋಚಿಸಿ ಆಡುವ ಮಾತಿನ ದಾರಿಯಲ್ಲಿ ಬರುವುದಿಲ್ಲ. ಬಲ ಮಿದುಳಿನ ಸಹಾಯವೂ ಅದಕ್ಕಿದೆ. ಆದರೆ ಆ ದಾರಿಯನ್ನು ಬಳಸಿಕೊಳ್ಳಬಹುದು. ‘ನೀರು ಬೇಕು’ ಅನ್ನುವುದನ್ನು ಒಂದು ಚಿಕ್ಕ ರಾಗಕ್ಕೆ ಹಾಕಿ, ಎಡಗೈಯಲ್ಲಿ ತೊಡೆ ಮೇಲೆ ತಾಳ ಹಾಕಿಸುತ್ತಾ ಹೇಳಿಸಿದಳು. ಮೊದಲು ಇಬ್ಬರೂ ಸೇರಿ, ಆಮೇಲೆ ಅವಳು ಅರ್ಧಕ್ಕೆ ನಿಲ್ಲಿಸಿ. ರಾಗ ದಿನ ಕಳೆದ ಹಾಗೆ ಸಣ್ಣದಾಗುತ್ತಾ ಮಾತಿಗೆ ಹತ್ತಿರ ಬಂತು. ‘ನೀರು ಬೇಕು’ ಅಂತ ಇವರು ಅಡುಗೆಮನೆ ಬಾಗಿಲಿಗೆ ಬಂದು, ತಾಳ ಹಾಕದೆ, ಮೊದಲ ಸಲ ಅಂದಾಗ ನಾನು ಒಲೆ ಮೇಲಿನ ಹಾಲು ಮರೆತುಬಿಟ್ಟೆ.

ಮಧ್ಯೆ ಕತ್ತಲೆಯ ದಿನಗಳೂ ಇದ್ದವು. ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದರು. ಪುಸ್ತಕ ಎಸೆದರು. ಸೋಮಾರಿತನ, ಹಟ ಅಂತ ನೆಂಟರು ಅಂದರು. ಡಾಕ್ಟರು ಖಿನ್ನತೆ ಅಂದರು. ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಇದು ಬರುತ್ತದೆ, ಮಿದುಳಿಗೆ ಆದ ಪೆಟ್ಟೂ ಅದಕ್ಕೆ ಒಂದು ಕಾರಣ. ಮಾತ್ರೆ ಕೊಟ್ಟರು, ಕೆಲವು ವಾರಗಳಲ್ಲಿ ಮತ್ತೆ ಪುಸ್ತಕ ಕೇಳಿದರು. ಮಾತು ಬಾರದವರ ಖಿನ್ನತೆ ಯಾರ ಕಣ್ಣಿಗೂ ಬೀಳುವುದಿಲ್ಲ, ಅವರು ಹೇಳಿಕೊಳ್ಳುವುದು ಹೇಗೆ? ಊಟ, ನಿದ್ದೆ, ಮುಖ ಇವನ್ನು ನೋಡಿ ನಾವೇ ಡಾಕ್ಟರಿಗೆ ಹೇಳಬೇಕು. ನೋಡಿಕೊಳ್ಳುವವರಿಗೂ ಬಿಡುವು ಬೇಕು. ಭಾನುವಾರ ಮಧ್ಯಾಹ್ನ ಮೈದುನ ಬಂದು ಇವರ ಜೊತೆ ಕೂರುತ್ತಾನೆ, ನಾನು ಅಕ್ಕನ ಮನೆಗೆ ಹೋಗಿ ಬರುತ್ತೇನೆ. ಅದರಿಂದಲೇ ನಾನು ಇಷ್ಟು ದಿನ ನಿಂತಿರುವುದು.

ನನಗೆ ಸಿಟ್ಟು ಬಂದ ಜಾಗ ಒಂದು ಬ್ಯಾಂಕು. ಬಲಗೈ ಸಹಿ ಆಗುತ್ತಿರಲಿಲ್ಲ. ಕೌಂಟರಿನಲ್ಲಿದ್ದವರು “ಇವರಿಗೆ ಬುದ್ಧಿ ಸ್ವಾಧೀನ ಇದೆಯಾ?” ಅಂತ ನನ್ನನ್ನು ಕೇಳಿದರು. ಇವರು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು, ಕುತ್ತಿಗೆ ಕೆಂಪಾಯಿತು. ಆಮೇಲೆ ಮಗಳು ಕಾಯ್ದೆ ಓದಿ ಹೇಳಿದಳು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ಬಗೆಗಳಲ್ಲಿ ವಾಕ್ ಮತ್ತು ಭಾಷಾ ವೈಕಲ್ಯವೂ ಒಂದು, ಅಫೇಸಿಯಾದ ಹೆಸರೇ ಅದರಲ್ಲಿದೆ. ತಮ್ಮ ಹಣಕಾಸನ್ನು ತಾವೇ ನೋಡಿಕೊಳ್ಳುವ ಹಕ್ಕೂ ಅದೇ ಕಾಯ್ದೆಯಲ್ಲಿದೆ. ಚಿಕಿತ್ಸೆ ಆದ ಮೇಲೂ ತೊಂದರೆ ಕಾಯಂ ಆಗಿ ಉಳಿದರೆ ಪ್ರಮಾಣಪತ್ರಕ್ಕೆ, ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಬಹುದು. ನಾವು ಎಡಗೈ ಹೆಬ್ಬೆಟ್ಟು ಹಾಕಿಸಿ, ಮ್ಯಾನೇಜರ್ ಮುಂದೆ ಇವರನ್ನೇ ಕೂರಿಸಿ ಕೆಲಸ ಮುಗಿಸಿಕೊಂಡು ಬಂದೆವು. ಮ್ಯಾನೇಜರ್ ಇವರನ್ನೇ ಕೇಳಿ, ಹೆಬ್ಬೆರಳಿಗೆ ಕಾದರು.

ಈಗ ಇವರು ಬೆಳಗ್ಗೆ ಹೊತ್ತು ಅಂಗಡಿಯಲ್ಲಿ ಕೂರುತ್ತಾರೆ. ಎರಡು ಮೂರು ಪದದ ಮಾತು ಬರುತ್ತದೆ, ನಿಧಾನಕ್ಕೆ. ಲೆಕ್ಕವನ್ನು ಕ್ಯಾಲ್ಕುಲೇಟರಿಗೆ ಹಾಕಿ ಗಿರಾಕಿ ಕಡೆ ತಿರುಗಿಸುತ್ತಾರೆ. ಗಲ್ಲಾಪೆಟ್ಟಿಗೆ ಪಕ್ಕ ಒಂದು ರಟ್ಟು ಇಟ್ಟಿದ್ದೇವೆ: “ನನಗೆ ಸ್ಟ್ರೋಕ್ ಆಗಿದೆ. ನೀವು ಹೇಳೋದು ಅರ್ಥವಾಗುತ್ತೆ. ಉತ್ತರಕ್ಕೆ ಸ್ವಲ್ಪ ಕಾಯಿರಿ.” ಫೋನಿನಲ್ಲಿ ಮಾತಾಡುವುದು ಇನ್ನೂ ಕಷ್ಟ, ಎದುರಿನವರ ಮುಖ ಕಾಣುವುದಿಲ್ಲವಲ್ಲ. ಈಗ ಅದರ ಅಭ್ಯಾಸ ನಡೆಯುತ್ತಿದೆ. ಮೊದಲ ಕೆಲವು ತಿಂಗಳಲ್ಲಿ ಬೇಗ ಬೇಗ ಬಂದಷ್ಟು ಈಗ ಬರುವುದಿಲ್ಲ, ಆದರೆ ಬರುವುದು ನಿಂತಿಲ್ಲ. ವರ್ಷಗಳ ಮೇಲೂ ಮಾತು ಸುಧಾರಿಸುತ್ತದೆ ಅಂತ ಥೆರಪಿಸ್ಟ್ ಹೇಳಿದ್ದನ್ನು ನಾನು ಕಣ್ಣಾರೆ ನೋಡುತ್ತಿದ್ದೇನೆ.

ನಿಮ್ಮ ಮನೆಯಲ್ಲಿ ಹೀಗಾಗಿದ್ದರೆ ಡಿಸ್ಚಾರ್ಜ್ ಆಗುವಾಗಲೇ ಮಾತಿನ ಥೆರಪಿಗೆ ಎಲ್ಲಿಗೆ ಹೋಗಬೇಕು ಅಂತ ಕೇಳಿ ಬರೆಸಿಕೊಳ್ಳಿ. ಹೋಗುವಾಗ ಡಿಸ್ಚಾರ್ಜ್ ಸಮರಿ, ಸ್ಕ್ಯಾನ್ ಫಿಲ್ಮ್, ಮಾತ್ರೆ ಚೀಟಿ, ಓದುವ ಕನ್ನಡಕ ಜೊತೆಗಿರಲಿ. ಮನೆಯಲ್ಲಿ ಯಾವ ಭಾಷೆ ಆಡುತ್ತಿದ್ದರು, ಎಷ್ಟು ಓದಿದ್ದರು ಅಂತ ಅಲ್ಲಿ ಕೇಳುತ್ತಾರೆ. ಕಾರು ಓಡಿಸುವವರ ಜೊತೆ ಅವರನ್ನು ಕಳಿಸಿ ಸುಮ್ಮನಾಗಬೇಡಿ. ದಿನವಿಡೀ ಅವರ ಜೊತೆ ಇರುವವರು ಒಳಗೆ ಹೋಗಿ ಪಕ್ಕದಲ್ಲಿ ಕೂತು ಕಲಿಯಬೇಕು, ಯಾಕೆಂದರೆ ಅಲ್ಲಿ ಸಿಗುವುದು ಮುಕ್ಕಾಲು ಗಂಟೆ, ಉಳಿದ ಹೊತ್ತೆಲ್ಲ ಅವರು ಮಾತಾಡಬೇಕಿರುವುದು ನಿಮ್ಮ ಹತ್ತಿರ.